ಅಪ್ಪನ ಪಾಲಿಗೆ ಸೊನ್ನೆ

ದತ್ತವಾಡ
ಗುರುವಾರ, ಮಧ್ಯಾಹ್ನ

ಸ್ನೇಹಲಕ್ಕಾ,

ಮೂರು ದಿನದಿಂದ ಫೋನಿನಲ್ಲಿ ನಿನಗೆ ಸುಳ್ಳು ಹೇಳುತ್ತಿದ್ದೇನೆ. ನೀನು ಕೊಲ್ಲಾಪುರದಿಂದ ದಿನಾ ಸಂಜೆ "ಅವ್ವ ಉಂಡಾಳೇನೋ?" ಎಂದು ಕೇಳುತ್ತೀ. ನಾನು "ಹೊಟ್ಟಿ ತುಂಬ ಉಂಡಾಳ, ನೀ ಚಿಂತಿ ಬಿಡು" ಅನ್ನುತ್ತೇನೆ. ಅವ್ವ ಉಂಡಿಲ್ಲ ಅಕ್ಕಾ. ನಿನ್ನ ಕೈ ಬಿಟ್ಟು ಬೇರೆ ಯಾರ ಕೈಗೂ ಅವಳು ಬಾಯಿ ತೆರೆಯುತ್ತಿಲ್ಲ. ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆಯೇ ಒಡೆದೀತು, ಅದಕ್ಕೆ ಬರೆಯುತ್ತಿದ್ದೇನೆ. ಬರೆದು ನಿನ್ನ ಹಳೇ ಆಟದ ಬೂಟಿನ ಡಬ್ಬಿಯಲ್ಲಿ ಇಡುತ್ತೇನೆ. ತರಬೇತಿ ಮುಗಿಸಿ ಬಂದ ಮೇಲೆ ಓದು. ಓದಿ, ಬೇಕಾದರೆ ಅದೇ ಬೂಟಿನಿಂದ ನಾಲ್ಕು ಹಾಕು.

ನಮ್ಮ ಬಾಸ್ಕೆಟ್‌ಬಾಲ್ ಗೇಮು ನೆನಪಿದೆಯಲ್ಲ? ನೀನು ಗಡಹಿಂಗ್ಲಜದ ಕಾಲೇಜಿನ ಟೀಮಿನಲ್ಲಿ ನಿಜವಾದ ಚೆಂಡು ಎಸೆದವಳು. ನಾನು ಇಚಲಕರಂಜಿಯ ವರ್ಕ್‌ಶಾಪಿನಲ್ಲಿ ಮಗ್ಗದ ಮೋಟಾರಿಗೆ ತಂತಿ ಸುತ್ತುವವನು, ಚೆಂಡು ಬಂದರೆ ಮೂಗಿಗೆ ಬಡಿಸಿಕೊಳ್ಳುವವನು. ನನಗೆ ಹೊಂದಿದ್ದು ಮೊಬೈಲಿನ ಆ ಆಟವೇ. ಆಟಗಾರರು ತಾವೇ ಆಡುತ್ತಾರೆ, ನಾವು ಕೂತಲ್ಲೇ ಕೋಚ್. ಟೀಮು ನೂರು ಸಲ ಬುಟ್ಟಿಗೆ ಎಸೆದರೆ ಅದರಲ್ಲಿ ಯಾರ ಪಾಲಿಗೆ ಎಷ್ಟು ಎಸೆತ ಎಂದು ಹಂಚಬೇಕು, ಅಷ್ಟೇ. ಐವರಿಗೆ ಮನೆಯವರ ಹೆಸರಿಟ್ಟೆವು: ಅಪ್ಪ ಹಾಲಸಿದ್ದ, ಅವ್ವ ಯಮುನವ್ವ, ನೀನು, ನಾನು. ಐದನೆಯ ಮನುಷ್ಯ ಮನೆಯಲ್ಲಿ ಸಿಗಲಿಲ್ಲವೆಂದು ನಮ್ಮ ಟಗರು ಗುಂಡು!

ಮೊದಲ ಸಲ ಹಂಚಿದ್ದು ನಾನು. ನಮ್ಮ ಕುರಿಗಾರ ಮಂದಿ ಕುರಿ ಕೊಯ್ದರೆ ಎಲೆಯ ಮೇಲೆ ಸಮ ಸಮ ಗುಡ್ಡೆ ಹಾಕುತ್ತಾರೆ. ಒಬ್ಬ ಬೆನ್ನು ತಿರುಗಿಸಿ ನಿಂತು "ಇದು ಹಾಲಸಿದ್ದಗ, ಇದು ಶಂಕರಲಿಂಗಗ" ಎಂದು ಕೂಗುತ್ತಾನೆ, ಯಾರಿಗೂ ಮೋಸವಾಗಬಾರದಲ್ಲ. ನಾನು ಅದೇ ನ್ಯಾಯ ಹಿಡಿದು ಎಲ್ಲರಿಗೂ ಇಪ್ಪತ್ತಿಪ್ಪತ್ತು ಕೊಟ್ಟೆ. ಸಾಲಾಗಿ ಒಂಬತ್ತು ಪಂದ್ಯ ಸೋತೆವು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಯವ್ವಾ, ಮಟನ್ ಹಂಚಿದಂಗ ಹಂಚೀಯಲ್ಲೋ! ಆಡಾಕ ಬರೋರಿಗೆ ಕೊಡಬೇಕೋ ಹುಚ್ಚಾ" ಅಂದೆ. ಆಗ ನಿನಗೆ ಅರವತ್ತು ಕೊಟ್ಟೆ. ನನಗೂ ಅವ್ವನಿಗೂ ಟಗರಿಗೂ ಉಳಿದ ಚೂರುಪಾರು. ಅಪ್ಪನಿಗೆ ಸೊನ್ನೆ. "ಅಪ್ಪ ಸುಮ್ಮನ ಓಡ್ಯಾಡಿಕೊಂಡ ಇರ್ಲಿ ಬಿಡು" ಅಂದವಳೂ ನೀನೇ.

ಗೆದ್ದೆವು, ಗೆಲ್ಲುತ್ತಲೇ ಹೋದೆವು. ನಿನ್ನ ಹೆಸರಿನ ಮುಂದೆ ದಣಿವಿನ ಪಟ್ಟಿ ಕೆಂಪಾದರೂ ನಾನು ಪಾಲು ಇಳಿಸಲಿಲ್ಲ. ಗೆಲ್ಲುವಾಗ ಯಾರು ಇಳಿಸುತ್ತಾರೆ? ಹದಿನಾಲ್ಕನೆಯ ಪಂದ್ಯದಲ್ಲಿ ಆ ಸ್ನೇಹಲ ಬಿದ್ದಳು, ಇಡೀ ಸೀಸನ್ನಿಗೆ ಹೊರಗೆ. ಉಳಿದ ನಾಲ್ವರಿಗೆ ಎಸೆದು ರೂಢಿಯೇ ಇರಲಿಲ್ಲ. ನೀನು ನಕ್ಕು ಮೊಬೈಲು ನನ್ನ ತೊಡೆಯ ಮೇಲೆ ಎಸೆದು ಒಲೆ ಹಚ್ಚಲು ಎದ್ದು ಹೋದೆ.

ಅವ್ವನಿಗೆ ಲಕ್ವಾ ಹೊಡೆದು ಎರಡು ವರ್ಷವಾಯಿತು. ಅವಳನ್ನು ಎತ್ತುವುದು, ತೊಳೆಯುವುದು, ಉಣಿಸುವುದು, ಎಲ್ಲ ನಿನ್ನ ಪಾಲಿಗೆ ಬಂತು. ಯಾರೂ ಕೂತು ಹಂಚಲಿಲ್ಲ. ನಿನಗೆ ಬರುತ್ತಿತ್ತು, ನೀನು ಮಾಡಿದೆ, ನಾವು ಬಿಟ್ಟೆವು. ಅಪ್ಪ ಕುರಿ ಹಿಂದೆ ಹೋದ. ನಾನು ರವಿವಾರಕ್ಕೊಮ್ಮೆ ಬಾಳೆಹಣ್ಣು ಹಿಡಿದುಕೊಂಡು ಬರುವ ಬೀಗನಂತೆ ಬಂದು ಹೋದೆ. ಹೋದ ತಿಂಗಳು ನಿನ್ನ ಸೊಂಟ ಹಿಡಿದು, ಗೋಡೆ ಹಿಡಿದು ನೀನು ಏಳುವುದನ್ನು ನೋಡಿದಾಗ ನನಗೆ ಆ ಕೆಂಪು ಪಟ್ಟಿಯೇ ಕಂಡಿತು. ನಾಚಿಕೆಯಾಯಿತು ಅಕ್ಕಾ. ಅದಕ್ಕೇ ಕೋಚ್ ತರಬೇತಿಗೆ ನಿನ್ನ ಹೆಸರು ಬಂದಾಗ, ಒಲ್ಲೆ ಒಲ್ಲೆ ಅಂದರೂ ಬಸ್ಸು ಹತ್ತಿಸಿದೆ. "ನಾ ಅದೇನಿ, ಹೋಗ" ಅಂದೆ. ಭಾಳ ದೊಡ್ಡ ಬಾಯಿ ನನ್ನದು.

ಸೋಮವಾರದಿಂದ ಎಲ್ಲ ಮಾಡಿ ನೋಡಿದೆ. ಅದೇ ಬಟ್ಟಲು, ಅದೇ ಚಮಚ, ಹಾಲಿನಲ್ಲಿ ನೆನೆಸಿದ ಅದೇ ಜೋಳದ ರೊಟ್ಟಿ. ನಿನ್ನ ಓಢಣಿ ಹೊದ್ದು ಕೂಡ ಕುಳಿತೆ, ನಗಬೇಡ. ಅವ್ವ "ಸ್ನೇಹಲಾ?" ಎಂದು ನನ್ನ ಮುಖ ನೋಡಿದಳು, ಗುರುತು ಹತ್ತಿ ಅತ್ತಳು. ಪಕ್ಕದ ಮನೆಯ ಚೆನ್ನವ್ವ ಬಂದಳು, ಬೈದಳು, ಮುದ್ದು ಮಾಡಿದಳು, ಸೋತು ಹೋದಳು. ನೀರು, ಎರಡು ಗುಟುಕು ಹಾಲು, ಅಷ್ಟೇ ಇಳಿದದ್ದು. ನಿನ್ನೆ ಡಾಕ್ಟರು ಬಂದು ನೋಡಿ, ಶುಕ್ರವಾರ ಸಂಜೆಯವರೆಗೆ ಉಣ್ಣದಿದ್ದರೆ ದವಾಖಾನೆಗೆ ಒಯ್ದು ಮೂಗಿನಿಂದ ನಳಿಕೆ ಹಾಕಬೇಕು ಅಂದರು. ಹಾಗಾದರೆ ನಿನ್ನಿಂದ ಮುಚ್ಚಿಡಲು ಆಗುವುದಿಲ್ಲ. ನೀನು ಓಡಿ ಬರುತ್ತೀ, ಮತ್ತೆ ಹೋಗುವುದಿಲ್ಲ. ಮೂರು ದಿನ ತಪ್ಪಿದರೆ ಅಲ್ಲಿ ಹೆಸರು ಹೊಡೆದು ಹಾಕುತ್ತಾರೆ, ಬರುವ ವರ್ಷಕ್ಕೆ ನಿನ್ನ ವಯಸ್ಸು ಮೀರುತ್ತದೆ. ಹೇಳಿದರೆ ನಿನ್ನನ್ನು ಕೆಡಿಸಿದಂತೆ, ಹೇಳದಿದ್ದರೆ ಅವ್ವನನ್ನು ಉಪವಾಸ ಕೆಡವಿದಂತೆ. ನಾನು ಏನು ಮಾಡಲಿ, ನೀನೇ ಹೇಳು.

ಇವತ್ತು ಬೆಳಿಗ್ಗೆ ಅವ್ವ ತುತ್ತನ್ನು ಉಗುಳಿದಾಗ ನಾನು ಬಟ್ಟಲು ನೆಲಕ್ಕೆ ಕುಕ್ಕಿ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿ ಬಿಡಲು ಹೊರಟವನು ಬಾಗಿಲಲ್ಲೇ ನಿಂತ. "ಇಲ್ಲಿ ತಾ" ಅಂದ. ಅಪ್ಪ! ಹೆಂಡತಿಗೆ ಒಂದು ಲೋಟ ನೀರು ಕೊಟ್ಟವನಲ್ಲ. ಚಮಚ ಮುಟ್ಟಲಿಲ್ಲ. ಬೆರಳನ್ನು ಹಾಲಿನಲ್ಲಿ ಅದ್ದಿ ಅವ್ವನ ತುಟಿಗೆ ಹಚ್ಚಿದ. ಇನ್ನೊಂದು ಕೈಯಿಂದ ಗಂಟಲು ಮೆಲ್ಲಗೆ ನೀವುತ್ತ "ಚು ಚು ಚು" ಅಂದ. ತಾಯಿ ಸತ್ತ ಮರಿಗೆ ಹಾಲು ಕುಡಿಸುವಾಗ ಮಾಡುತ್ತಾನಲ್ಲ, ಅದೇ ಸದ್ದು.

ಅವ್ವ ಕಣ್ಣು ಕೆಕ್ಕರಿಸಿದಳು. ಸೊಟ್ಟ ಬಾಯಲ್ಲೇ ತೊದಲುತ್ತ, "ನಾ ಏನ್ ಕುರಿಮರಿ ಏನ್ರೀ?" ಅಂದಳು.

"ಹೌದ, ತಿನ್ನು" ಅಂದ ಅಪ್ಪ.

ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಬಾಯಿ ಮಾತ್ರ ತೆರೆದಳು. ನಾಲ್ಕು ತುತ್ತು ಹೋಯಿತು. ಐದನೆಯದಕ್ಕೆ ಗೋಡೆಗೆ ಮುಖ ಮಾಡಿ "ಸ್ನೇಹಲ ಎಲ್ಲಿ?" ಎಂದು ಕೇಳಿದಳು. ಮಧ್ಯಾಹ್ನ ಮತ್ತೆ ನಾನು ಕೂತೆ, ಒಂದೂ ಇಳಿಯಲಿಲ್ಲ. ನಾಲ್ಕು ತುತ್ತಿಗೆ ಡಾಕ್ಟರು ಒಪ್ಪುವುದಿಲ್ಲವೆಂದು ನನಗೂ ಗೊತ್ತು.

ಈಗ ಕಟ್ಟೆಯ ಮೇಲೆ ಕುಳಿತು ಆ ಗೇಮು ತೆರೆದು ನೋಡಿದೆ. ಅಪ್ಪನ ಹೆಸರಿನ ಮುಂದೆ ಇನ್ನೂ ಸೊನ್ನೆಯೇ ಇದೆ. ಅಲ್ಲಿ ಬದಲಿಸಲು ಒಂದು ಬೆರಳು ಸಾಕು. ಅವ್ವನ ಬಾಯಿ ಯಾರ ಬೆರಳಿಗೂ ಅಷ್ಟು ಸಲೀಸಾಗಿ ತೆರೆಯುವುದಿಲ್ಲ.

ಅಪ್ಪ ಇವತ್ತು ಕುರಿ ಬಿಟ್ಟಿಲ್ಲ. ದೊಡ್ಡಿಯಲ್ಲಿ ಕೂಗುತ್ತಿವೆ, ಬೈದರೂ ಕೇಳುತ್ತಿಲ್ಲ. ಈಗಷ್ಟೇ ನನ್ನ ಹತ್ತಿರ ಬಂದು, ನನ್ನ ಮುಖ ನೋಡದೆ, "ಸಂಜೀಕ ಮತ್ತ ನನಗ ಕೊಡೋ" ಎಂದು ಹೇಳಿ ಹೋದ.

ಸಂಜೆ ನಿನ್ನ ಫೋನು ಬರುತ್ತದೆ. ಉಂಡಾಳ ಅನ್ನುತ್ತೇನೆ. ಇವತ್ತು ಅದು ನಾಲ್ಕು ತುತ್ತಿನಷ್ಟು ನಿಜ.

ನಿನ್ನ ಸೊಂಟಕ್ಕೆ ದೇವರು ಬಲ ಕೊಡಲಿ, ನಾಳೆಯ ಶುಕ್ರವಾರ ಹೇಗಾದರೂ ದಾಟಲಿ.

ನಿನ್ನ ಬಾಯಿಬಡುಕ ತಮ್ಮ,
ಅವಧೂತ