ಕುರ್ಚಿಯಲ್ಲಿ ಬಂದವರ ಸರಾಸರಿ

ಹಗೇವೂರು
ಎರಡನೆಯ ವೈಶಾಖದ ನಲವತ್ತೊಂದನೆಯ ದಿನ, ೨೫೩೮

ಬಾಗಿಲಿನ ಕಲ್ಲನ್ನು ಇನ್ನೂ ಕೆತ್ತದೆ ಇರುವ ಹಿರಿಯರಿಗೆ ಅಮರಮ್ಮ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ಗಾಬರಿಯಾಗಬೇಡಿ. ನಿಮ್ಮ ವೈಶಾಖ ತಿಂಗಳಿಗೆ ಮುಗಿಯುತ್ತಿತ್ತಂತೆ. ನಮ್ಮದು ಮುಗಿಯುವುದೇ ಇಲ್ಲ, ಅದಕ್ಕೇ ಎರಡು ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಕಲಿತದ್ದು ಭಾಗಾಕಾರದ ತನಕ. ಹಂಚಿದ ಮೇಲೆ ಉಳಿಯುವ ಶೇಷವನ್ನು ಏನು ಮಾಡಬೇಕು ಅನ್ನುವ ಪಾಠದ ವಾರದಲ್ಲೇ ದೂಳುಗಾಳಿಗೆ ಶಾಲೆಯ ಚಾವಣಿ ಹಾರಿಹೋಯಿತು. ಮತ್ತೆ ಯಾರೂ ಹಾಕಿಸಲಿಲ್ಲ. ಚಿಂತೆ ಹತ್ತಿದವರು ಹಿಂದಿನವರಿಗೆ ಕಾಗದ ಬರೆದು ಒಣಬಾವಿಗೆ ಬಿಡುವುದು ನಮ್ಮಲ್ಲಿ ವಾಡಿಕೆ. ತಲುಪುತ್ತದೋ ಇಲ್ಲವೋ ತಿಳಿಯದು. ಈವರೆಗೆ ಯಾವುದೂ ಮೇಲೆ ತೇಲಿ ಬಂದಿಲ್ಲ ಅನ್ನುವುದೇ ಧೈರ್ಯ.

ನನಗೊಂದು ಕನಸು ಬೀಳುತ್ತಿತ್ತು. ಬಾಗಿಲ ಒಳಗೆ ನಿಂತು ತಲೆ ಎಣಿಸುತ್ತಿರುತ್ತೇನೆ, ಲೆಕ್ಕ ಸರಿಯಾಗಿರುತ್ತದೆ, ಎಲ್ಲರೂ ಬಂದಾಯಿತೆಂದು ಅಗುಳಿ ಹಾಕುತ್ತೇನೆ. ಆಮೇಲೆ ಹೊರಗಿನಿಂದ ಕೋಲಿನಲ್ಲಿ ತಟ್ಟುವ ಸದ್ದು. ಮೆಲ್ಲಗೆ, ಅವಸರವಿಲ್ಲದ ಸದ್ದು. ಅದು ನನ್ನ ಸೋದರತ್ತೆ ಹುಲಿಗೆಮ್ಮನ ಕೋಲು. ಮತ್ತೆ ಎಣಿಸಿದರೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಎದ್ದಾಗ ಬೆವರು. ಈ ಕನಸು ಯಾಕೆ ಬೀಳುತ್ತಿತ್ತು ಎಂದು ಹೇಳಬೇಕಾದರೆ ನಮ್ಮ ಬಾಗಿಲಿನ ವಿಷಯ ಹೇಳಬೇಕು.

ಹಗೇವು ನಿಮಗೆ ಗೊತ್ತು, ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಈಗ ಆ ಗುಂಡಿಯಲ್ಲಿ ನಾವೇ ಇರುತ್ತೇವೆ. ಬೆಳಿಗ್ಗೆ ಮೇಲೆ ಹೋಗಿ ಬಿಸಿಲಹಲಗೆಗಳ ದೂಳು ಒರೆಸುತ್ತೇವೆ. ಬಿಸಿಲಹಲಗೆ ಎಂದರೆ ಬೆಳಕು ಕುಡಿದು ವಿದ್ಯುತ್ತು ಕೊಡುವ ಗಾಜು, ನಮ್ಮ ಹೊಲದ ಬೆಳೆಯೇ ಅದು. ಬಿಸಿಲು ಮೈ ಸುಡುವ ಹದಕ್ಕೆ ಬಂದಾಗ ಉರಿಗಂಟೆ ಬಾರಿಸುತ್ತಾರೆ. ಗಂಟೆಯ ಜೊತೆಗೇ ಬಾಗಿಲ ಬಳಿಯ ಮರಳುಗಡಿಗೆಯ ಬೆಣೆ ತೆಗೆಯುತ್ತಾರೆ. ಗಡಿಗೆಯ ತಳದ ತೂತಿನಿಂದ ಮರಳು ಸೋರಿ ಮುಗಿಯುವುದರೊಳಗೆ ಎಲ್ಲರೂ ಒಳಗಿರಬೇಕು. ಮುಗಿದೊಡನೆ ಬಾಗಿಲು ಮುಚ್ಚುತ್ತದೆ. ಇದನ್ನು ಕ್ರೌರ್ಯ ಅನ್ನಬೇಡಿ. ತೆರೆದಿಟ್ಟರೆ ಬೆಂಕಿಯಂಥ ಗಾಳಿ ಒಳನುಗ್ಗುತ್ತದೆ, ಒಳಗೆ ಹಸುಗೂಸುಗಳೂ ಬಾಣಂತಿಯರೂ ಇರುತ್ತಾರೆ.

ಗಡಿಗೆಗೆ ಎಷ್ಟು ಮರಳು ಹಾಕಬೇಕು ಅನ್ನುವುದು ಬಾಗಿಲ ಮೇಲಿನ ಕಲ್ಲಿನಲ್ಲಿದೆ, ಅಂದರೆ ನೀವು ಕೆತ್ತಲಿರುವ ಕಲ್ಲಿನಲ್ಲಿ: ಊರವರ ನಡಿಗೆಯ ಸರಾಸರಿಯ ಎರಡರಷ್ಟು. ಅದಕ್ಕಾಗಿ ವರ್ಷಕ್ಕೊಮ್ಮೆ ನಡಿಗೆಹಬ್ಬ ಮಾಡುತ್ತೇವೆ. ಒಬ್ಬೊಬ್ಬರೂ ಕೊನೆಯ ಸಾಲಿನ ಹಲಗೆಯಿಂದ ಬಾಗಿಲ ತನಕ ನಡೆಯುತ್ತಾರೆ. ಅವರು ಬರುವಷ್ಟರಲ್ಲಿ ಎಷ್ಟು ಪಾವು ಮರಳು ಸೋರಿತು ಎಂದು ಅಳತೆಯ ಮಹಬೂಬಿ ಅಳೆಯುತ್ತಾಳೆ. ಅಂದು ಸಿಹಿ ಉಂಟು, ಹಲಗೆ ವಾದ್ಯದ ಬಡಿತ ಉಂಟು. ಮುಖ್ಯವಾಗಿ ಹಿರಿಯರಿಗೆ ಮರ್ಯಾದೆ ಉಂಟು. ಅವರಿಗೆ ಹೂವು ಮುಡಿಸಿ, ಕುರ್ಚಿಯಲ್ಲಿ ಕೂಡಿಸಿ, ನಾಲ್ಕು ಜನ ಗಟ್ಟಿಗರು ಹೆಗಲ ಮೇಲೆ ಹೊತ್ತು ತರುತ್ತಾರೆ. ಎಷ್ಟೋ ತಲೆಮಾರಿನ ಪದ್ಧತಿ ಇದು. ಚೆಂದವೂ ಹೌದು.

ಈ ವರ್ಷ ಹತ್ತಿರದ ಸಾಲುಗಳ ಹಲಗೆಗಳು ಸವೆದುಹೋಗಿ, ಹಬ್ಬ ಕಳೆದ ಮೇಲೆ ಅತ್ತೆಯ ಕೆಲಸ ಕೊನೆಯ ಸಾಲಿಗೆ ಎಂದು ನಿಗದಿಯಾಯಿತು. ಕೆಲಸ ಬಿಡು ಅಂದರೆ ಕೇಳುವವಳಲ್ಲ. ಕನಸು ಶುರುವಾದದ್ದು ಆಗ. ಎರಡು ವರ್ಷದ ಹಿಂದೆ ಚಂದ್ರಾಮಜ್ಜ ಹೊರಗುಳಿದು ಸತ್ತದ್ದು ನೆನಪಾಯಿತು. ಎಲ್ಲೋ ಕೂತು ತಂಬಾಕು ತಿಕ್ಕುತ್ತಿದ್ದ, ಗಂಟೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಊರೆಲ್ಲ ಮಾತಾಡಿತ್ತು. ನಾನೂ ಹಾಗೇ ಅಂದಿದ್ದೆ.

ಈ ಸಲ ಹಬ್ಬದ ದಿನ ಅತ್ತೆಯನ್ನು ಕುರ್ಚಿಯಲ್ಲಿ ಕೂಡಿಸಿ ಎತ್ತಿದರು. ಹೊತ್ತವರಿಗೆ ಹೇಳಿದೆ, ನಿಧಾನ ಹೋಗ್ರಪಾ, ಆಕಿ ನಡೆದಂಗ ಹೋಗ್ರಿ ಎಂದು. ಅವರು ನಕ್ಕರು. ಒಬ್ಬ, ಅಮರಕ್ಕಗ ಮರಳು ಕಂಡ್ರೂ ಹೆದರಿಕಿ, ನೆರಳು ಕಂಡ್ರೂ ಹೆದರಿಕಿ ಅಂದ. ಅತ್ತೆ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೋಲಿನಿಂದ ಮುಂದಿನವನ ಭುಜಕ್ಕೆ ತಟ್ಟಿದಳು.

“ನನ್ನ ಕೆಳಗ ಇಳಸ್ರಿ. ಹೊತ್ತವ್ರ ಕಾಲು ಅಳದ್ರ ನನ್ನ ಕಾಲು ಹೆಂಗ ತಿಳೀತದ?”

ಹಲಗೆ ಬಡಿತ ನಿಂತಿತು. ಮರ್ಯಾದೆ ಬೇಡ ಅಂದರೆ ಹೇಗೆ ಎಂದು ಮಹಬೂಬಿಗೆ ಬೇಜಾರೂ ಆಯಿತು. ಅತ್ತೆ ಇಳಿದು ಹಿಂದಕ್ಕೆ ಹೋಗಿ, ಮೊದಲಿಂದ ನಡೆದಳು. ನಡುನಡುವೆ ನಿಂತಳು. ಗಡಿಗೆ ಎರಡು ಸಲ ಬರಿದಾಯಿತು, ಎರಡು ಸಲವೂ ಮಹಬೂಬಿ ಮತ್ತೆ ತುಂಬಿದಳು. ಊರವರ ಸರಾಸರಿ ಮೂರು ಪಾವು, ಗಡಿಗೆ ಆರು ಪಾವಿನದು. ಅತ್ತೆಗೆ ಹದಿಮೂರು ಹಿಡಿಯಿತು. ಆಗ ಯಾರೋ ಮೆಲ್ಲಗೆ ಅಂದರು, ಚಂದ್ರಾಮಜ್ಜನ್ನೂ ಆ ವರ್ಷ ಕುರ್ಚಿ ಮ್ಯಾಲೇ ತಂದಿದ್ವಿ.

ಅತ್ತೆಯ ಹದಿಮೂರನ್ನು ಸೇರಿಸಿದರೆ ಸರಾಸರಿ ಏರುತ್ತದೆ, ಗಂಡಾಂತರ ಕಳೆಯಿತು ಎಂದುಕೊಂಡೆ. ಇಲ್ಲವಂತೆ. ಮಹಬೂಬಿ ನೆಲದ ಮೇಲೆ ಜೋಳದ ಕಾಳು ಹಾಕಿ ತೋರಿಸಿದಳು. ಐದು ಜನರಿದ್ದಾರೆ ಅನ್ನಿ: ಎರಡು, ಮೂರು, ಮೂರು, ನಾಲ್ಕು, ಕೊನೆಗೆ ಅತ್ತೆಯ ಹದಿಮೂರು. ಎಲ್ಲವನ್ನೂ ಒಂದೇ ರಾಶಿ ಮಾಡಿ ಐವರಿಗೂ ಸಮ ಹಂಚಿದರೆ ತಲೆಗೆ ಐದು. ಇದು ಸಮಪಾಲು, ನೀವು ಸರಾಸರಿ ಅನ್ನುವುದು. ನಿಜವಾಗಿ ಐದರಲ್ಲಿ ಬಂದವರು ಅಲ್ಲಿ ಒಬ್ಬರೂ ಇಲ್ಲ! ಇದು ನನಗೆ ಬಹಳ ಸೋಜಿಗವಾಯಿತು. ಅದರ ಎರಡರಷ್ಟು ಅಂದರೂ ಹತ್ತು, ಅತ್ತೆ ಹೊರಗೇ. ಇನ್ನು ಮುನ್ನೂರು ಜನರ ಊರಿನಲ್ಲಿ ಆಕೆಯೊಬ್ಬಳ ಹದಿಮೂರಕ್ಕೆ ಸಮಪಾಲು ಒಂದೆರಡು ಚಮಚ ಮರಳಿಗಿಂತ ಹೆಚ್ಚು ಏರುವುದಿಲ್ಲ.

ಹಾಗಾದರೆ ಬೇರೆ ಅಳತೆ ಇಲ್ಲವೇ ಎಂದು ಕೇಳಿದೆ. ಇವೆ. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ನಡುವೆ ನಿಂತವನನ್ನು ಹಿಡಿಯುವುದು ನಡುನಿಲುವು. ನಿಮ್ಮಲ್ಲಿ ಅದಕ್ಕೆ ಮಧ್ಯಾಂಕ ಎನ್ನುತ್ತಿದ್ದರಂತೆ. ಇಲ್ಲಿ ಅದು ಮೂರು. ಹೆಚ್ಚು ಜನರಿಗೆ ಬಂದದ್ದು ಬಹುಮಂದಿ, ನಿಮ್ಮ ಬಹುಲಕ. ಅದೂ ಮೂರೇ. ಅತ್ತೆಯ ಕಾಳುಗಳಿಗೆ ಇನ್ನೊಂದು ಹಿಡಿ ಸೇರಿಸಿ ನೋಡಿದೆ. ನಡುನಿಲುವು ಜಗ್ಗಲಿಲ್ಲ. ಮತ್ತೊಂದು ಹಿಡಿ ಹಾಕಿದೆ, ಆಗಲೂ ಇಲ್ಲ. ಆಕೆ ಸಂಜೆಗೆ ಬಂದರೂ, ಬಾರದೇ ಹೋದರೂ ಅದು ಮೂರೇ! ಯಾವ ಅಳತೆಯವು ಹೆಚ್ಚು ಬೇಕೆಂದು ತಿಳಿಯಲು ಚಪ್ಪಲಿ ಹೊಲಿಯುವವನಿಗೆ ಬಹುಮಂದಿ ಬೇಕು, ಊರು ಸುಮಾರಾಗಿ ಹೇಗಿದೆ ಎಂದು ತಿಳಿಯಲು ನಡುನಿಲುವು ಒಳ್ಳೆಯದು, ಜೋಳ ಹಂಚಲು ಸಮಪಾಲು. ಮೂರೂ ಸುಳ್ಳಲ್ಲ. ಆದರೆ ಬಾಗಿಲು ಕೇಳುವ ಪ್ರಶ್ನೆಯೇ ಬೇರೆ. ಊರು ಹೇಗೆ ನಡೆಯುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ. ಕೊನೆಯವರು ಯಾವಾಗ ಬರುತ್ತಾರೆ ಅನ್ನುವುದು ಬೇಕು. ಅತ್ತೆಯೇ ನನ್ನ ಶೇಷ ಎಂದು ಆಗ ಹೊಳೆಯಿತು.

ಹದಿಮೂರು ಪಾವು ಸುರಿಯುವ ತನಕ ದೊಡ್ಡ ಬಾಗಿಲು ತೆರೆದಿಟ್ಟರೆ ಕೂಸುಗಳ ಗತಿಯೇನು ಎಂದು ಬಾಣಂತಿಯರ ಮನೆಯವರು ತಕರಾರು ತೆಗೆದರು. ಅದೂ ನ್ಯಾಯವೇ. ಕೊನೆಗೆ ಒಪ್ಪಿದ್ದು ಇಷ್ಟು: ದೊಡ್ಡ ಬಾಗಿಲು ಹಳೆಯ ಲೆಕ್ಕಕ್ಕೇ ಮುಚ್ಚಲಿ. ಅದರೊಳಗೆ ಒಬ್ಬರು ಬಗ್ಗಿ ಬರುವಷ್ಟು ದಿಡ್ಡಿಬಾಗಿಲು ಕೊರೆದು, ಒದ್ದೆ ಗೋಣಿ ಇಳಿಬಿಟ್ಟು, ಕೊನೆಯವರ ಅಳತೆಗೆ ಇನ್ನೊಂದು ಗಡಿಗೆ ಇಡೋಣ. ಕಾಯುವ ಕೆಲಸ ನನಗೇ ಕೊಟ್ಟರು, ಹೇಗೂ ಇವಳಿಗೆ ನಿದ್ದೆ ಬರುವುದಿಲ್ಲ ಎಂದು.

ದಿಡ್ಡಿಬಾಗಿಲು ಆದ ಮೇಲಿನ ಮೊದಲ ಉರಿಗಂಟೆ ನಿನ್ನೆ ಆಯಿತು, ಅತ್ತೆ ಕೊನೆಯ ಸಾಲಿಗೆ ಹೋದ ಮೊದಲ ದಿನವೂ ಅದೇ. ದೊಡ್ಡ ಬಾಗಿಲು ಮುಚ್ಚಿತು. ಎರಡನೆಯ ಗಡಿಗೆಯ ಮರಳು ತಳ ಕಾಣುವ ಹೊತ್ತಿಗೆ ಕನಸಿನಲ್ಲಿ ಕೇಳುತ್ತಿದ್ದ ಅದೇ ಸದ್ದು, ಮೆಲ್ಲಗೆ. ಗೋಣಿ ಸರಿಸಿದೆ. ಅತ್ತೆ ಬಗ್ಗಿ ಒಳಬಂದು, ಮುಖ ಒರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸತ್ತೋರ ಮನಿ ಮುಂದ ನಿಂತಂಗ ನಿಂತೀಯಲ್ಲ, ನೀರರೆ ಕೊಡು.”

ಕೊಟ್ಟೆ. ಆಮೇಲೆ ದಿಡ್ಡಿಬಾಗಿಲಿಗೆ ಅಗುಳಿ ಹಾಕಿದೆ.

ಹಿರಿಯರೇ, ಆ ಕಲ್ಲು ನಿಮ್ಮ ಕಾಲದಲ್ಲಿ ಇನ್ನೂ ಬರಿಗಲ್ಲು. ಉಳಿ ಎತ್ತಿಕೊಳ್ಳುವ ಮುಂಚೆ, ಸರಾಸರಿಯ ಎರಡರಷ್ಟು ಸಾಕೆಂದು ನಿಮಗೆ ತೋರಿಸಿಕೊಟ್ಟ ಮೊದಲ ಅಳತೆಯಲ್ಲಿ ಇದೊಂದನ್ನು ಮತ್ತೊಮ್ಮೆ ನೋಡಿ. ನಾನು ದಡ್ಡಿ, ನನ್ನದೇ ತಪ್ಪಿರಬಹುದು, ಆದರೂ ನೋಡಿ: ಅಂದು ಬಾಗಿಲಿಗೆ ಬಂದವರೆಲ್ಲ ತಮ್ಮ ಕಾಲಲ್ಲೇ ನಡೆದು ಬಂದರೇ?