ಗೋಡೆಗೆ ಅಂಟಿಸಿದ ಮಾತುಗಳು

೯-೬-೮೭, ಮಧ್ಯಾಹ್ನ
ಅಂಜು ಮಲಗಿದ್ದಾಳೆ. ನನಗೆ ನಿದ್ದೆ ಇಲ್ಲ. ರಾತ್ರಿಯೂ ಇಲ್ಲ, ಹಗಲೂ ಇಲ್ಲ.
ಮಗಳಿಗೆ ಇವತ್ತಿಗೆ ಎರಡು ವರ್ಷ ನಾಲ್ಕು ತಿಂಗಳು. ಒಂದೂ ಮಾತಿಲ್ಲ. ನೀರು ಬೇಕಾದರೆ ಕೈಹಿಡಿದು ನೀರಿನ ಕೊಡದ ಹತ್ತಿರ ಎಳೆದೊಯ್ಯುತ್ತಾಳೆ. ಬೇಡದಿದ್ದರೆ "ಉಂಹೂಂ". ಅಷ್ಟೇ.
ಓಣಿಯ ಬಾಲವಾಡಿ ಅಕ್ಕೋರು, ಗೌರಾಬಾಯಿ, ನಿನ್ನೆ ಕಟ್ಟೆಯ ಮೇಲೆ ಕೂತು ಹೇಳಿದರು — "ನಿಮ್ಮ ಮನ್ಯಾಗ ಎರಡ್ ಭಾಷಾ ನಡೀತಾವ್ರಿ. ಕೂಸಿಗೆ ಯಾವುದ ಹಿಡೀಬೇಕ ತಿಳೀವಲ್ದು. ಒಂದ ಇಡ್ರಿ, ನೋಡ್ರಿ ಹೆಂಗ ಮಾತಾಡ್ತೈತಿ."
ಖರೆ ಅನಿಸಿತು. ಅತ್ತೆಯವರ ತವರು ಹೊಳೆಯಾಚೆ, ಮಹಾರಾಷ್ಟ್ರ. ಕನ್ನಡದಲ್ಲಿ ಶುರು ಮಾಡಿದ ವಾಕ್ಯ ಮರಾಠಿಯಲ್ಲಿ ಮುಗಿಸುತ್ತಾರೆ. ನಾನು ಸತ್ತಿ ಊರಿನವಳು, ಧಾರವಾಡದಲ್ಲಿ ಕನ್ನಡ ಬಿ.ಎ. ಇದನ್ನು ಮೊದಲೇ ಯೋಚಿಸಬೇಕಿತ್ತು.
ಟ್ರಂಕಿನಿಂದ ನಿಘಂಟು ತೆಗೆದೆ. ಇನ್ನು ಮನೆಯಲ್ಲಿ ಕನ್ನಡ ಮಾತ್ರ. ಅದೂ ಶುದ್ಧ.

೧೧-೬-೮೭
ಹೊರಗಿನ ಶಬ್ದಗಳ ಪಟ್ಟಿ ಮುಗಿಯುತ್ತಲೇ ಇಲ್ಲ. ಮರಾಠಿ ತೆಗೆಯಲು ಹೊರಟವಳು ನಾನು — ಒಳಗೆ ಇನ್ನೂ ಯಾರ್ಯಾರೋ ಕೂತಿದ್ದಾರೆ. ಚಾವಿ ಪೋರ್ಚುಗೀಸರದು. ಬಾದ್ಲಿ ಅವರದೇ. ಇಸ್ತ್ರಿ, ಪಗಾರ, ಬಟಾಟಿ — ಅವರವೇ. ಕುರ್ಚಿ ಅರಬ್ಬಿ. ಗುಲಾಬಿ ಪಾರಸಿ: ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ಪನ್ನೀರಿನ ಹೆಸರು ಹೂವಿಗೇ ಅಂಟಿಕೊಂಡಿತು. ಮೆಣಸಿನಕಾಯಿ ಉಲ್ಟಾ — ಕಾಯಿ ಹಡಗಿನಲ್ಲಿ ಬಂದದ್ದು, ಹೆಸರು ಮಾತ್ರ ನಮ್ಮ ಕರಿಮೆಣಸಿನಿಂದ.
ಬೇರೆ ದಿನವಾದರೆ ಖುಷಿಯಾಗುತ್ತಿತ್ತು. ಇವತ್ತು ಹೊರಗಿನ ಒಂದೊಂದು ಶಬ್ದಕ್ಕೂ ಕೆಂಪು ಗೀಟು.
ಎರಡು ಹಾಳೆ ಆಯಿತು. ಗಂಜಿ ಹಚ್ಚಿ ಅಡುಗೆಮನೆ ಗೋಡೆಗೆ ಅಂಟಿಸಿದೆ. ಅತ್ತೆಯವರಿಗೆ ಕನ್ನಡ ಓದಲು ಬರದು. ಓದಿ ಹೇಳಿದೆ. ಸೊಂಟದ ಚಾವಿ ಗೊಂಚಲು ಹಿಡಿದು ನಿಂತರು.
"ಇದಕ್ಕ ಏನ್ ಅನ್ನೂದು?"
"ಬೀಗದ ಕೈ ಅನ್ರಿ."
"ನಲವತ್ ವರ್ಷ ಆತು ನಡದಾಗ ಸಿಗಸಿ. ಇದರ ಹೆಸರ ಇವತ್ತ ಗೊತ್ತಾತ ನೋಡು." ನಕ್ಕರು. ಜಗಳಕ್ಕೆ ಬರಲಿಲ್ಲ. "ಕೂಸು ಮಾತಾಡ್ತೈತಿ ಅಂದ್ರ ನೀ ಹೇಳಿದ್ದ ಅಂತೀನಿ ಬಿಡವಾ."

೧೪-೬-೮೭
ಇವರು ನಿಪ್ಪಾಣಿ ಪೇಟೆಯಿಂದ ಬಂದರು, ಅಂಗಿಯೆಲ್ಲ ತಂಬಾಕಿನ ವಾಸನೆ. ಊಟಕ್ಕೆ ಕೂತು ಗೋಡೆ ಓದಿದರು.
"ತಂಬಾಕಿಗೂ ಗೀಟ ಎಳದೀಯಲ್ಲ. ಏನ್ ಅನ್ಬೇಕು?"
"ಹೊಗೆಸೊಪ್ಪು."
"ಹೊಗೆಸೊಪ್ಪು ತಂದೀನ್ರಿ ಅಂತ ಪ್ಯಾಟ್ಯಾಗ ನಿಂತ್ರ, ದಲಾಲ ತಾತ್ಯಾಸಾಹೇಬ ನನ್ನ ಒಯ್ದು ಮೆಂತೇ ಪಲ್ಯಾ ಮಾರೂ ಮುದುಕಿ ಬಾಜೂಕ ಕೂಡ್ರಸ್ತಾನ."
ಅತ್ತೆಯವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನನಗೆ ನಗು ಬರಲಿಲ್ಲ. ಅಂಜು ಇವರ ಮಗಳೂ ಅಲ್ಲವೇ?

೨೭-೬-೮೭
ಮನೆ ಶಾಂತ. ನಿಯಮ ಚೆನ್ನಾಗಿ ನಡೆದಿದೆ.
ಮೊದಲೆಲ್ಲ ಅಂಜುಗೆ ನೀರೆರೆಯುವುದು ಓಣಿಗೇ ಕೇಳುತ್ತಿತ್ತು. ಬಚ್ಚಲಲ್ಲಿ ಮುಂದೆ ಕೂಡಿಸಿಕೊಂಡು, ಎಣ್ಣೆ ತಿಕ್ಕುತ್ತ, ಅತ್ತೆಯವರದು ಒಂದೇ ಸಮನೆ ಮಾತು. ಈ ಕಾಲು ಎಲ್ಲಿಗೆ ಹೊರಟಿದೆ, ಈ ಮೂಗು ಯಾರ ಪೈಕಿ, ಈ ಹೊಟ್ಟೆಯೊಳಗೆ ಎಷ್ಟು ತುಪ್ಪ ಹೋಗಿದೆ. ಈಗ ನೀರು ಸುರಿಯುವ ಸಪ್ಪಳವಷ್ಟೇ.
ನಾನೂ ಹಾಗೇ. ಬಾಯಿ ತೆರೆಯುವ ಮೊದಲು ಶಬ್ದ ಎಲ್ಲಿಯದು ಅಂತ ನೋಡುತ್ತೇನೆ. ನೋಡುವುದರೊಳಗೆ ಅಂಜು ಎದ್ದು ಹೋಗಿರುತ್ತಾಳೆ.

೬-೭-೮೭
ಅಂಜುವಿನ ಬೆನ್ನ ಹಿಂದೆ ತಾಟು ಬೀಳಿಸಿದೆ. ತಿರುಗಲಿಲ್ಲ. ಮತ್ತೆ ಬೀಳಿಸಿದೆ. ಇಲ್ಲ. ಇರುವೆ ಸಾಲು ನೋಡುತ್ತ ಕೂತೇ ಇದ್ದಳು.
ಕಿವಿಯೇ ಕೇಳಿಸುವುದಿಲ್ಲವೇನೋ.
ಗುರುವಾರ ಮಿರಜಿನ ದವಾಖಾನೆಗೆ.

೯-೭-೮೭, ಸಂಜೆ ಏಳು
ಕೇಳಿಸುತ್ತದೆ. ಅಂಜುಗೆ ಕೇಳಿಸುತ್ತದೆ.
ಡಾಕ್ಟರ್ ವಯಸ್ಸಾದ ಹೆಂಗಸು. ನನ್ನ ತೊಡೆಯ ಮೇಲೆ ಕೂಡಿಸಿ, ಹಿಂದಿನಿಂದ ಗಂಟೆ ಬಾರಿಸಿದರು, ಗಿಲಕಿ ಆಡಿಸಿದರು, ಕಾಗದ ಮುದುಡಿದರು. ಎಲ್ಲಕ್ಕೂ ಹೊರಳಿದಳು. ಪಿಸುದನಿಯಲ್ಲಿ "ಅಂಜೂ" ಅಂದದ್ದಕ್ಕೂ.
"ಕಿವಿ ಚಲೋ ಅದಾವ. ನಾಲಿಗಿನೂ ಚಲೋ ಐತಿ. ಮನ್ಯಾಗ ತಾಟಿಗ್ಯಾಕ ಹೊಳ್ಳಿಲ್ಲ ಅಂದ್ರ, ಇರಿವಿ ನೋಡೂದು ನಿಮ್ಮ ತಾಟಿಗಿಂತ ಚಂದ ಇತ್ತು."
ಆಮೇಲೆ ಕೇಳಿದರು — "ದಿನಾ ಇದರ ಜೋಡಿ ಯಾರ್ ಮಾತಾಡ್ತೀರಿ?"
ಬೆಂಚಿನ ಮೇಲಿದ್ದ ಅತ್ತೆಯವರು ನನ್ನ ಕಡೆ ನೋಡಿ ಮೆಲ್ಲಗೆ ಅಂದರು — "ನಾ ಹೇಳ್ಲೇನವಾ? ನನಗ ಆ ಗ್ವಾಡಿ ಕನ್ನಡ ಬರೂದಿಲ್ಲ."
ನಾನೇ ಹೇಳಿದೆ. ಪಟ್ಟಿ, ಕೆಂಪು ಗೀಟು, ಎಲ್ಲ. ಡಾಕ್ಟರ್ ಬೈಯಲಿಲ್ಲ.
"ಎರಡ್ ಭಾಷಾದಿಂದ ಕೂಸು ಮೂಕ ಆಗೂದಿಲ್ಲ. ಹಂಗಿದ್ರ ಈ ಗಡಿಯಾಗ ಯಾರೂ ಬಾಯಿ ತೆರೀತಿರ್ಲಿಲ್ಲ. ಕೆಲವು ಮಕ್ಕಳು ತಡಾ ಮಾಡ್ತಾವ. ಆದ್ರ ಕಿವಿಗೆ ಮಾತ ಬೀಳಬೇಕಲ್ಲ. ಆರ್ ತಿಂಗಳ ಬಿಟ್ಟು ತೋರಸ್ರಿ."
ಬಸ್ಸಿನಲ್ಲಿ ಕೂಡುತ್ತಲೇ ಹೇಳಿದೆ — "ಅತ್ತೀ, ತಪ್ಪಾತ್ರಿ. ನಿಮಗ ಹೆಂಗ ಬರ್ತೈತೋ ಹಂಗ ಮಾತಾಡ್ರಿ."
"ಎಲ್ಲಾ ಅನ್ಲಿ?"
"ಎಲ್ಲಾ."
"ಬೈಗಳಾನೂ?"
ಒಂದು ತಿಂಗಳ ಮಾತು ಅವರೊಳಗೆ ಕೂಡಿಬಿದ್ದಿತ್ತು. ಇಳಿಯುವ ಊರು ಏಕಸಂಬಿ ಬರುವ ತನಕ ನಿಲ್ಲಲಿಲ್ಲ. ಕಂಡಕ್ಟರ್ ಟಿಕೆಟ್ ಹಿಡಿದುಕೊಂಡು ನಡುವೆ ಸಂದು ಸಿಗಲಿ ಅಂತ ಕಾದ. ಅಂಜು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು.

೧೦-೭-೮೭
ಎಂಟು ತಾಸು ಮಲಗಿದೆ. ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಯಾರೂ ಎಬ್ಬಿಸಿರಲಿಲ್ಲ.
ಪಟ್ಟಿ ಕೀಳಹೋದರೆ ಗೋಡೆಯ ಸುಣ್ಣವೂ ಬಂತು. ಬರಲಿ.

೨೩-೮-೮೭
ಇಷ್ಟು ದಿನ ಬರೆದಿಲ್ಲ. ಹೊತ್ತು ಸಿಗಲಿಲ್ಲ. ಸಿಕ್ಕರೆ ಮಲಗಿದೆ.
ಇವತ್ತು ಬಚ್ಚಲಲ್ಲಿ ಅಂಜುಗೆ ನೀರೆರೆಯುತ್ತ ಅತ್ತೆಯವರು ತಮ್ಮ ಮದುವೆಯ ಕಥೆ ಹೇಳುತ್ತಿದ್ದರು. ಹೊಸ ಸೊಸೆ, ನಾವೆಯಲ್ಲಿ ಹೊಳೆ ದಾಟುವಾಗ ಯಾರದೋ ಆಡು ನೀರಿಗೆ ಜಿಗಿದದ್ದು, ಹಗ್ಗ ಹಿಡಿದಿದ್ದ ಕಾಕಾ ಅದರ ಹಿಂದೆಯೇ... ಅಷ್ಟರಲ್ಲಿ ನೀರು ಆರಿತು ಅಂತ ಮಾತು ನಿಲ್ಲಿಸಿ ಹಂಡೆಯ ಕಡೆ ಹೊರಳಿದರು.
"ಮುಂದ?"
ಸಣ್ಣ ದನಿ. ಅತ್ತೆಯವರ ಕೈಯಿಂದ ತಂಬಿಗೆ ಜಾರಿತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ.
"ಆಜೀ, ಮುಂದ?"
ಅವರಿಗೆ ಮುಂದೆ ಹೇಳಲಾಗಲಿಲ್ಲ. ಅಳುತ್ತಿದ್ದರು. ಆಡು ನೀರಿನಲ್ಲೇ ಉಳಿಯಿತು.

೨೪-೮-೮೭, ಬೆಳಿಗ್ಗೆ ಹನ್ನೊಂದು
ಇವತ್ತು ಎಲ್ಲದಕ್ಕೂ ಅದೇ. ರೊಟ್ಟಿ ಕೊಟ್ಟರೆ "ಮುಂದ?" ಅಪ್ಪ ಚಪ್ಪಲಿ ಮೆಟ್ಟಿದರೆ "ಮುಂದ?" ಇವರು ಹೋಗುವ ಬಸ್ಸು ಬಿಟ್ಟುಕೊಟ್ಟು ಕಟ್ಟೆಯ ಮೇಲೆ ಕೂತಿದ್ದಾರೆ. ಇನ್ನೊಂದು ಸಲ ಕೇಳಿ ಹೋಗುತ್ತಾರಂತೆ.
ಅತ್ತೆಯವರು ಗಿರಣಿಗೆ ಹೋಗಿದ್ದಾರೆ. ಕಥೆ ನನ್ನ ಪಾಲಿಗೆ ಬಂದಿದೆ. ತೊಡೆಯ ಮೇಲೆ ಇವಳು, ಇವಳ ಮೇಲಿಂದ ಕೈ ಹಾಯಿಸಿ ಬರೆಯುತ್ತಿದ್ದೇನೆ. ಆಡು ಜಿಗಿಯಿತು ಅಂದೆ. ಕಾಕಾನೂ ಬಿದ್ದರು ಅಂದೆ. ಇಷ್ಟು ಬರೆಯುವ ತನಕ ನಾನು ಸುಮ್ಮನಾದದ್ದಕ್ಕೆ ಗದ್ದ ಹಿಡಿದು ತನ್ನ ಕಡೆ ತಿರುಗಿಸುತ್ತಿದ್ದಾಳೆ, ಪೆನ್ನು ಎಳೆಯುತ್ತಿದ್ದಾಳೆ. ತಡಿಯವ್ವಾ, ಹೇಳ್ತೀನಿ — ಆಡು ಈಜಿ ಈಜಿ ದಂಡಿಗೆ