ಅವ್ವನ ಮಣಿಕಟ್ಟಿಗೆ ಹಸಿರು ಮಣಿ

ಉಪ್ಪಲ್, ಹೈದರಾಬಾದ್
೧೧ ಫೆಬ್ರವರಿ ೨೦೨೪

ಪ್ರೀತಿಯ ಅವ್ವಾ,

ನಿನ್ನ ಮಗಳ ಶರಣು. ಮೊಣಕಾಲು ಹೇಗಿದೆ? ತಮ್ಮ ಶಿವಪ್ರಕಾಶ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಓಣಿಯವರ ಮೊಣಕಾಲಿಗೆಲ್ಲ ಹಂಚಿ ಮುಗಿಸಿದೆಯೋ? ನಿನ್ನನ್ನು ನಂಬುವ ಹಾಗಿಲ್ಲ. ಇಲ್ಲಿ ಎಲ್ಲರೂ ಆರಾಮ. ನಿನ್ನ ಮೊಮ್ಮಗಳು ಐಶ್ವರ್ಯಾಗೆ ಏಳನೇ ತಿಂಗಳು ನಡೆದಿದೆ. ಹುಣಸೆ ತೊಕ್ಕು ಕಂಡರೆ ಸಾಕು, ಉಳಿದದ್ದೆಲ್ಲ ಪಕ್ಕಕ್ಕೆ ಸರಿಸುತ್ತಾಳೆ. ಫೋನ್ ಇರುವಾಗ ಕಾಗದ ಯಾಕೆ ಅಂದೀಯೆ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಹತ್ತು ಆಡಿ ಇಟ್ಟುಬಿಡುತ್ತೀಯೆ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ಮೊನ್ನೆ ಅವಳಿಗೆ ಬಳೆ ತೊಡಿಸುವ ಕುಬಸದ ಸುದ್ದಿ ಹೇಳಿದಾಗ ನೀನು ಅಂದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ. "ಬರತೀನವ್ವಾ, ಆದ್ರ ಒಳಗ ಅಡಗಿಮನ್ಯಾಗ ಕುಂದರತೀನಿ. ಬಸುರಿ ಹುಡುಗಿ ಮುಂದ ನಂದೇನು ಕೆಲಸ?" ಅಪ್ಪ ಹೋಗಿ ವರ್ಷವಾಯಿತು. ಅಂದು ಬಳೆ ತೆಗೆದ ಕೈಯನ್ನು ನೀನು ಬೋಳಾಗಿಯೇ ಬಿಟ್ಟಿದ್ದೀಯೆ. ನನ್ನನ್ನು ಎತ್ತಿ ಆಡಿಸಿದ, ನನ್ನ ಮಗಳಿಗೆ ಎಣ್ಣೆ ತಿಕ್ಕಿ ಎರೆದ ಕೈ ಅದು. ಶುಭಕ್ಕೆ ಅದು ಬೇಡವಾದರೆ ಇನ್ಯಾವ ಕೈ ಬೇಕು? ಸಿಟ್ಟು ಬಂತು, ಅಳುವೂ ಬಂತು. ಆದರೆ ಅತ್ತು ಕೂರುವ ಪೈಕಿ ನಾನಲ್ಲ. ಚಪ್ಪಲಿ ಮೆಟ್ಟಿ ಕೋಠಿ ಬಜಾರಿಗೆ ಹೋದೆ.

ಅಂಗಡಿಯವನು ಮೊದಲು ಕರಿಮಣಿ ಮುಂದಿಟ್ಟ. "ನಕ್ಕೋ ಭಯ್ಯಾ" ಅಂದು ಪಕ್ಕಕ್ಕೆ ಸರಿಸಿದೆ. ಅದು ತಾಳಿಗೆ ಪೋಣಿಸುವುದು, ನಿನಗೆ ಮುಜುಗರ. ಹಸಿರು ಗಾಜಿನ ಮಣಿ ತಂದೆ. ಹಸಿರು ಮುತ್ತೈದೆಯರದು ಅನ್ನಬೇಡ; ನಿನ್ನ ತವರಿನ ಹಸಿರು ತೊಗರಿ ಹೊಲಕ್ಕೆ ಹೋಗಿ ಹಾಗೆ ಹೇಳಿ ನೋಡು, ನಕ್ಕೀತು. ಮನೆಗೆ ಬಂದು ಎಲಾಸ್ಟಿಕ್ ದಾರವನ್ನು ಜಗ್ಗಿ ಹದಮಾಡಿ, ಮಣಿ ಜಾರದಂತೆ ಒಂದು ತುದಿಗೆ ಟೇಪು ಅಂಟಿಸಿ, ನಿನ್ನ ಕೈಗೊಂದು ಮಣಿಸರ ಪೋಣಿಸತೊಡಗಿದೆ. ನಿನ್ನ ಬಳೆಯ ಅಳತೆ ನನಗೆ ಬಾಯಿಪಾಠವಲ್ಲವೇ, ಅದೇ ಅಳತೆಗೆ ಮಾಡಿದೆ. ತೊಟ್ಟು ನೋಡಿದರೆ ಅಂಗೈತನಕ ಜಾರಿತು! ಐಶ್ವರ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು: "ಮಮ್ಮಿ, ಬಳಿ ಮುಷ್ಟಿ ದಾಟಬೇಕು, ಅದಕ್ಕ ದೊಡ್ಡದು. ಇದು ಹಿಗ್ಗತೈತಿ. ಮಣಿಕಟ್ಟಿನ ಅಳತಿ ತಗೋ." ಜನ್ಮವಿಡೀ ಬಳೆ ತೊಟ್ಟವಳ ತಲೆಗೆ ಇಷ್ಟೂ ಹೊಳೆಯಲಿಲ್ಲ ನೋಡು. ಎಲ್ಲ ಬಿಚ್ಚಿ, ನನ್ನ ಮಣಿಕಟ್ಟಿಗೇ ದಾರ ಸುತ್ತಿ ಅಳೆದೆ. ನಿನ್ನ ಕೈಯೇ ನನಗೆ ಬಂದಿದೆ, ಅದೇ ಸಣ್ಣ ಎಲುಬು. ಮತ್ತೆ ಪೋಣಿಸಿ, ಗಟ್ಟಿಯಾಗಿ ಗಂಟು ಹಾಕಿ, ಒಂದು ಹನಿ ಅಂಟು ಬಿಟ್ಟು, ಗಂಟನ್ನು ದೊಡ್ಡ ಮಣಿಯೊಳಗೆ ಎಳೆದು ಮುಚ್ಚಿದೆ. ಚೆಂದ ಆಗಿದೆ, ನಾನೇ ಹೇಳುತ್ತಿದ್ದೇನೆ. ಈ ಕಾಗದದ ಜೊತೆಗೇ ಕಳಿಸಿದ್ದೇನೆ. ತೊಟ್ಟುಕೊಂಡೇ ಹೊರಡು.

ರಾಯಚೂರಿನಿಂದ ಸೀಟು ಹಿಡಿಯಲು ತಮ್ಮನಿಗೆ ಹೇಳಿದ್ದೇನೆ. ಕಾಚಿಗೂಡ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಚೀಲದ ತುಂಬ ರೊಟ್ಟಿ ಹೊತ್ತು ತರಬೇಡ, ಇಲ್ಲಿಯೂ ಜೋಳ ಸಿಗುತ್ತದೆ. ತಮ್ಮನ ಮಕ್ಕಳ ಗಲ್ಲಕ್ಕೆ ನನ್ನದೊಂದು ಮುತ್ತು.

ನಿನ್ನ ಹಟಮಾರಿ ಮಗಳು,
ಸ್ನೇಹಲತಾ

ತಾ.ಕ.: ಲಕೋಟೆ ಅಂಟಿಸುವ ಗಡಿಬಿಡಿಯಲ್ಲಿ ಅಸಲು ಮಾತೇ ಬಿಟ್ಟೆ. ಕುಬಸದಲ್ಲಿ ಐಶ್ವರ್ಯಾಗೆ ಮೊದಲ ಬಳೆ ತೊಡಿಸುವವಳು ನೀನು. ಅವಳ ಅತ್ತೆಗೂ ಹೇಳಿಬಿಟ್ಟೆ, ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆದರೆ ಅವರು ಅಂದರು: "ನನ್ನ ಕುಬಸದಾಗ ನಮ್ಮವ್ವ ಬಾಗಲ ಹಿಂದ ನಿಂತು ನೋಡಿದ್ಲರಿ. ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ. ನಿಮ್ಮವ್ವನ್ನ ಮುಂದ ಕುಂಡ್ರಸ್ರಿ." ಬಾ ಅವ್ವಾ, ಅವರೂ ನಿನ್ನ ದಾರಿ ಕಾಯುತ್ತಿದ್ದಾರೆ.